ಮೊಣಕೈ ಊರುವ ಜಾಗ

"ಮೇಡಂ, ಎಡಗೈ ಮೊಣಕೈನ ಪಕ್ಕೆಗೆ ಒತ್ಕೊಳ್ಳಿ. ಇನ್ನೂ ಸ್ವಲ್ಪ. ಗಾಳೀಲಿ ತೇಲ್ತಾ ಇದೆ ನೋಡಿ."

ಕೋಚ್ ರೇವಂತ್ ಆ ಬೆಳಿಗ್ಗೆ ಈ ಮಾತು ಹೇಳಿದ್ದು ಐದನೇ ಸಲವೋ ಆರನೇ ಸಲವೋ. ದಾನಮ್ಮ ಹಲ್ಲು ಕಚ್ಚಿ ಒತ್ತಿಕೊಂಡಳು. ಒತ್ತಿದ ಕೂಡಲೇ ದಪ್ಪ ಕ್ಯಾನ್ವಾಸ್ ಜಾಕೆಟ್ಟಿನೊಳಗೆ, ಎಡ ಎದೆಯ ಜಾಗದಲ್ಲಿ ಇಟ್ಟುಕೊಂಡಿದ್ದ ಹತ್ತಿಯ ದಿಂಬು ಜಾರಿ ಕುತ್ತಿಗೆಯ ಕಡೆ ಎರಡು ಬೆರಳು ಮೇಲೇರಿತು. ಗುರಿ ಕದಲಿ ಗುಂಡು ಹಾರಿಬಿಟ್ಟಿತು. ಹತ್ತು ಮೀಟರ್ ಆಚೆಯ ಕಾಗದದಲ್ಲಿ, ಕರಿ ವೃತ್ತದಿಂದ ಹೊರಗೆ, ಎಡಕ್ಕೆ ಕೆಳಗೆ ತೂತು ಬಿತ್ತು.

"ಬಾತ್‌ರೂಮಿಗೆ ಹೋಗಿ ಬರ್ತೀನಿ" ಎಂದು ಅವಳು ರೈಫಲ್ಲನ್ನು ಮೇಜಿನ ಮೇಲಿಟ್ಟಳು.

"ಮತ್ತೇನಾ?" ಎಂದರು ಪಕ್ಕದ ಲೇನಿನ ಗಿರಿರಾಜ್. ರಿಟೈರಾದ ಮೇಲೆ ಶೂಟಿಂಗ್ ಕಲಿಯಲು ಬಂದವರು, ತಮ್ಮ ಗುರಿಗಿಂತ ಬೇರೆಯವರ ಗುರಿಯ ಮೇಲೇ ಹೆಚ್ಚು ಕಣ್ಣು. "ಬೆಳಿಗ್ಗೆ ಕಾಫಿ ಕಮ್ಮಿ ಮಾಡಿ ಮೇಡಂ, ಎಲ್ಲ ಸರಿಹೋಗತ್ತೆ."

ದಾನಮ್ಮ ಬಾತ್‌ರೂಮಿನ ಚಿಲಕ ಹಾಕಿಕೊಂಡು, ಜಾಕೆಟ್ಟಿನ ಐದು ಗುಂಡಿ ಬಿಚ್ಚಿ, ದಿಂಬನ್ನು ಕೆಳಗೆಳೆದು ಕೂರಿಸಿ, ಮತ್ತೆ ಐದು ಗುಂಡಿ ಹಾಕಿಕೊಂಡಳು. ಗುಂಡಿ ಹಾಕುವಾಗ ಕಣ್ಣಲ್ಲಿ ನೀರು ಬಂತು. ದುಃಖಕ್ಕೆ ಬಂದದ್ದಲ್ಲ ಅದು, ಶುದ್ಧ ಸಿಟ್ಟಿಗೆ.

ಎರಡು ವರ್ಷದ ಹಿಂದೆ ಕ್ಯಾನ್ಸರ್ ಅಂತ ಅವಳ ಎಡಗಡೆಯ ಸ್ತನವನ್ನೂ ಕಂಕುಳಿನ ಗಂಟುಗಳನ್ನೂ ತೆಗೆದಿದ್ದರು. ಗಾಯ ಮಾಗಿತ್ತು. ರಿಪೋರ್ಟುಗಳು ಚೆನ್ನಾಗಿದ್ದವು. ಕಚೇರಿಯ ಗುಮಾಸ್ತೆ ಕೆಲಸಕ್ಕೆ ಮರಳಿ ವರ್ಷ ದಾಟಿತ್ತು. ಎಡ ತೋಳು ಮಾತ್ರ ಪೂರ್ತಿ ಮೇಲೇಳುತ್ತಿರಲಿಲ್ಲ. ಅದಕ್ಕೆಂದು ಫಿಸಿಯೋಥೆರಪಿಗೆ ಹೋಗುವಾಗಲೇ ಚಂದ್ರಾ ಲೇಔಟಿನ ದರ್ಶಿನಿಯೊಂದರ ಮೇಲೆ, ಮೂರನೇ ಮಹಡಿಯ ಕಿಟಕಿಗೆ ಕಟ್ಟಿದ್ದ 'ಏರ್ ರೈಫಲ್ ತರಬೇತಿ, ಎಲ್ಲ ವಯಸ್ಸಿನವರಿಗೆ' ಎಂಬ ಬ್ಯಾನರ್ ಅವಳ ಕಣ್ಣಿಗೆ ಬಿದ್ದದ್ದು. ಬಾಗಲಕೋಟೆಯಲ್ಲಿ ಕಾಲೇಜಿಗೆ ಹೋಗುವಾಗ ಎನ್‌ಸಿಸಿಯಲ್ಲಿ ನೆಲದ ಮೇಲೆ ಬೋರಲು ಮಲಗಿ ರೈಫಲ್ ಹೊಡೆದು, ಕ್ಯಾಂಪಿನಲ್ಲಿ ಹುಡುಗರನ್ನೆಲ್ಲ ಹಿಂದೆ ಹಾಕಿ ಕಪ್ ಗೆದ್ದು ತಂದವಳು ಅವಳು. ಆಗ ಬಂದೂಕು ಹೆಗಲಿಗೆ ಕೂತದ್ದೇ ಗೊತ್ತಾಗುತ್ತಿರಲಿಲ್ಲ. ನಲವತ್ತೇಳನೇ ವಯಸ್ಸಿಗೆ ಅದೊಂದು ಮತ್ತೆ ಸಿಕ್ಕರೆ ಸಾಕು ಅನ್ನಿಸಿ ಅದೇ ದಿನ ಮೆಟ್ಟಿಲು ಹತ್ತಿ ಹೆಸರು ಬರೆಸಿದ್ದಳು.

ಇಲ್ಲಿ ನಿಂತು ಹೊಡೆಯಬೇಕು. ಐದು ಕೇಜಿಗೆ ಹತ್ತಿರದ ರೈಫಲ್ಲಿನ ಭಾರವನ್ನು ಎಡ ಅಂಗೈ ಹೊರಬೇಕು, ಆ ಕೈಯನ್ನು ಪಕ್ಕೆಗೆ ಆನಿಸಿ ಮೈಯೆಲ್ಲ ಒಂದು ಕಂಬದ ಹಾಗೆ ನಿಲ್ಲಬೇಕು. ಅವಳಿಗೆ ಎಲ್ಲಿ ಆನಿಸಬಾರದೋ ಅಲ್ಲೇ ಆನಿಸಬೇಕು. ಇದನ್ನು ಕೋಚಿಗೆ ಹೇಳಿದ್ದರೆ ಮೊದಲ ವಾರವೇ ಮುಗಿಯುತ್ತಿತ್ತು. ಆದರೆ ರೇವಂತನಿಗೆ ಇಪ್ಪತ್ತಾರು ವಯಸ್ಸು. ಮಾತು ಮಾತಿಗೆ 'ಮೇಡಂ' ಅನ್ನುವ, ಹೆಂಗಸರ ತೋಳು ತಿದ್ದುವ ಮುಂಚೆ "ಮುಟ್ಟಬಹುದಾ" ಎಂದು ಕೇಳುವ ಹುಡುಗ. ಅವನೆದುರು ಆ ಮಾತು ಬಾಯಿಗೆ ಬರಲಿಲ್ಲ. ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ಲಿಫ್ಟಿನಲ್ಲಿ ಸಹ ಜನ ದನಿ ತಗ್ಗಿಸಿ "ಈಗ ಹೇಗಿದೀರಾ" ಅನ್ನುತ್ತಾರೆ. ಈ ಒಂದು ಜಾಗದಲ್ಲಾದರೂ ಅವಳು ಬರೀ ಕೆಟ್ಟ ಶೂಟರ್ ಆಗಿರಬೇಕೆಂದು ಬಯಸಿದ್ದಳು.

ಹಾಗಾಗಿ ತಪ್ಪನ್ನೆಲ್ಲ ರೈಫಲ್ಲಿನ ಮೇಲೆ ಹಾಕಿದಳು.

"ಬಟ್ ಉದ್ದ ಆಯ್ತು ಅನ್ಸತ್ತೆ" ಎಂದಳು ಒಂದು ಶನಿವಾರ. ರೇವಂತ್ ಕೂತು, ಹೆಗಲಿಗೆ ತಾಗುವ ಹಿಂತುಂಡನ್ನು ಬಿಚ್ಚಿ ಒಂದು ಬೆರಳು ಒಳಗೆ ತಳ್ಳಿದ. ಮುಂದಿನ ವಾರ, "ಕೆನ್ನೆ ಸರಿಯಾಗಿ ಕೂರ್ತಿಲ್ಲ" ಎಂದಳು. ಅವನು ಕೆನ್ನೆ ಇಡುವ ಪಟ್ಟಿಯನ್ನು ಎತ್ತರಿಸಿದ. "ಈಗ ಕಂಫರ್ಟಾ?" ಎಂದು ಕೇಳಿದಾಗಲೆಲ್ಲ "ಹ್ಞೂಂ, ಪರವಾಗಿಲ್ಲ" ಅನ್ನುತ್ತಿದ್ದಳು. ಹತ್ತು ಗುಂಡು ಸರಿ ಬೀಳುತ್ತಿತ್ತು, ಹನ್ನೊಂದನೆಯದಕ್ಕೆ ದಿಂಬು ಏರುತ್ತಿತ್ತು, ಗಾಯದ ಗೆರೆಯಲ್ಲಿ ಉರಿ ಏಳುತ್ತಿತ್ತು.

ಗಿರಿರಾಜ್ ಇನ್ನೊಂದು ಕಾರಣ ಹುಡುಕಿಕೊಟ್ಟರು. "ಗ್ರಿಪ್ ನೋಡಿ, ಗಂಡಸರ ಕೈಗೆ ಮಾಡಿರೋದು. ನಿಮ್ಮ ಹೆಬ್ಬೆರಳು ಸುತ್ತೋದೇ ಇಲ್ಲ. ಮರ ಉಜ್ಜಿ, ಬೇಕಾದ ಕಡೆ ಎಂ-ಸೀಲ್ ತುಂಬಿ."

ಅದು ನಿಜವೂ ಆಗಿತ್ತು. ದಾನಮ್ಮ ರೇವಂತನ ಒಪ್ಪಿಗೆ ಪಡೆದು ಕ್ಲಬ್ಬಿನ ಹಳೆಯದೊಂದು ಗ್ರಿಪ್ಪನ್ನು ಆರ್‌ಪಿಸಿ ಲೇಔಟಿನ ಮನೆಗೆ ತಂದಳು. ಗಂಡ ಚನ್ನವೀರೇಶನಿಗೆ ರಾಜಾಜಿನಗರದಲ್ಲಿ ಪಂಪ್‌ಸೆಟ್ ಬಿಡಿಭಾಗದ ಅಂಗಡಿ. ಅರ, ಉಪ್ಪುಕಾಗದ ಎಲ್ಲ ಅಲ್ಲಿಂದಲೇ ಬಂತು. ಒಂದು ಭಾನುವಾರವಿಡೀ ಬಾಲ್ಕನಿಯಲ್ಲಿ ಕೂತು ಉಜ್ಜಿದಳು. ಕಿರುಬೆರಳಿನ ಕಡೆ ಜಾಸ್ತಿ ಉಜ್ಜಿಹೋಯಿತು. ಅಲ್ಲಿಗೆ ಎಂ-ಸೀಲ್ ಮೆತ್ತಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಒಣಗುವ ಮುಂಚೆ ಕೈ ಅಚ್ಚು ಒತ್ತಿದಳು. ಮೊದಲ ಅಚ್ಚು ಸೊಟ್ಟಗಾಯಿತು. ಎರಡನೆಯದು ಬಿರುಕು ಬಿಟ್ಟಿತು. ಮೂರನೆಯದನ್ನು ಹಿಡಿದು ನೋಡಿದಾಗ ಬೆರಳುಗಳು ತಾವಾಗಿಯೇ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು.

"ಹೆಂಗ ಕುಂತದ ನೋಡ್ರಿ" ಎಂದು ಗಂಡನಿಗೆ ತೋರಿಸಿದಳು.

"ಚೊಲೊ ಆಗೇತಿ" ಎಂದ ಚನ್ನವೀರೇಶ, ತಿರುಗಿಸಿ ನೋಡಿ. "ಬಲಗೈದು ಸುಧಾರಿಸಿತು. ಎಡಗೈಗೆ ಏನ್ ಮಾಡ್ತಿ?"

ಅವಳು ಗ್ರಿಪ್ಪನ್ನು ಕಿತ್ತುಕೊಂಡು ಒಳಗೆ ಹೋದಳು. 

ಅವನು ಕೇಳಿದ್ದು ಸರಿಯೇ ಇತ್ತು. ಹೊಸ ಗ್ರಿಪ್ಪಿನಿಂದ ಮೊದಲ ಗುಂಡುಗಳು ಕರಿಯ ನಡುವಿಗೇ ಬಿದ್ದವು, ಗಿರಿರಾಜ್ ಚಪ್ಪಾಳೆಯನ್ನೂ ತಟ್ಟಿದರು. ಹನ್ನೊಂದನೆಯ ಗುಂಡಿನಿಂದ ಮತ್ತದೇ ಎಡಕ್ಕೆ, ಕೆಳಕ್ಕೆ.

ರೇವಂತ್ ಸುಮ್ಮನೆ ಬಿಡುವವನಲ್ಲ. ಕೆಂಗೇರಿಯಲ್ಲಿ ಅವನ ಗೆಳೆಯನೊಬ್ಬನ ಬಳಿ ಮರದ ಒಡಲಿನ ಬದಲು ಅಲ್ಯೂಮಿನಿಯಂ ಒಡಲಿನ ರೈಫಲ್ ಇತ್ತು. ಅದರ ಒಂದೊಂದು ಭಾಗವನ್ನೂ ಎತ್ತಬಹುದು, ಇಳಿಸಬಹುದು, ವಾಲಿಸಬಹುದು. ಆ ಗೆಳೆಯನನ್ನು ಒಪ್ಪಿಸಿ, ಅವನನ್ನೇ ರೈಫಲ್ ಸಮೇತ ಒಂದು ಭಾನುವಾರ ಬೆಳಿಗ್ಗೆ ಕರೆಸಿದ. ಗೆಳೆಯ ಕೆಳಗೆ ದರ್ಶಿನಿಯಲ್ಲಿ ತಿಂಡಿಗೆ ಕೂತ. ಮೇಲೆ ರೇವಂತ್ ಮುಕ್ಕಾಲು ಗಂಟೆ ಮಂಡಿಯೂರಿ ಕೂತು ಸ್ಕ್ರೂ ತಿರುಗಿಸಿದ, ಎದ್ದು ದೂರ ನಿಂತು ನೋಡಿದ, ಮತ್ತೆ ಕೂತ. ಅವನ ಬೆನ್ನಿನ ಟೀ ಶರ್ಟ್ ಬೆವರಿಗೆ ಅಂಟಿಕೊಂಡಿತ್ತು. ಅದನ್ನು ನೋಡುತ್ತ ನಿಂತ ದಾನಮ್ಮನಿಗೆ ನಾಚಿಕೆಯಾಯಿತು. ಇಷ್ಟು ಕೆಲಸ ಇವನಿಂದ ಸುಳ್ಳಿಗೆ ಮಾಡಿಸ್ತಿದೀನಲ್ಲ ಅನ್ನಿಸಿತು. ಆದರೂ ಒಳಗೊಂದು ಆಸೆ: ಇದಾದರೂ ಕೂತುಬಿಟ್ಟರೆ?

ಕೂರಲಿಲ್ಲ. ಏಳನೇ ಗುಂಡಿಗೇ ದಿಂಬು ಏರಿತು.

"ಮೊಣಕೈ, ಮೇಡಂ. ಒತ್ಕೊಳ್ಳಿ."

ಒತ್ತಿಕೊಂಡಳು. ಗುಂಡು ಕರಿ ವೃತ್ತ ಬಿಟ್ಟು ಬಿಳಿಗೆ ಬಿತ್ತು.

"ಒತ್ಕೊಳ್ತಾ ಇಲ್ಲ ನೀವು."

"ಇದೂ ಸರಿಯಿಲ್ಲ ರೇವಂತ್. ಹೆಗಲಿಗೆ ಎಲ್ಲೋ ಒತ್ತತ್ತೆ."

ರೇವಂತ್ ಸ್ಕ್ರೂ ಕೀಲಿಯನ್ನು ಟೇಬಲ್ ಮೇಲೆ ಇಟ್ಟ. ಐದು ತಿಂಗಳಲ್ಲಿ ಮೊದಲ ಸಲ ಅವನ ದನಿ ಏರಿತು. "ಎಲ್ಲಿ ಒತ್ತತ್ತೆ ಅಂತ ಒಂದ್ ದಿನಾನೂ ಹೇಳಲ್ಲ ನೀವು. ಇದಕ್ಕಿಂತ ಜಾಸ್ತಿ ಅಡ್ಜಸ್ಟ್ ಆಗೋ ರೈಫಲ್ ನಾನೆಲ್ಲಿಂದ ತರಲಿ? ಪ್ರಾಬ್ಲಂ ರೈಫಲ್‌ದಲ್ಲ ಮೇಡಂ."

ದಾನಮ್ಮನಿಗೆ ತಲೆಗೆ ಏರಿತು. ಇಪ್ಪತ್ತೆರಡು ವರ್ಷದಿಂದ ಕಚೇರಿಯಲ್ಲಿ, ಬಸ್ಸಿನಲ್ಲಿ ಆಡುತ್ತ ಬಂದಿದ್ದ ಬೆಂಗಳೂರಿನ ಮಾತು ಕಳಚಿಬಿದ್ದು, ಊರಿನ ಮಾತು ಹೊರಬಂತು.

"ಹೌದಪಾ, ರೈಫಲ್‌ದಲ್ಲ! ನಂದ ಐತಿ ಪ್ರಾಬ್ಲಮ್ಮು! ಎಡಗಡೀದು ತಗದಾರ ನಂಗ, ಕ್ಯಾನ್ಸರ್ ಆಗಿತ್ತು! ಒತ್ತಿಕೋ ಒತ್ತಿಕೋ ಅಂತೀಯಲ್ಲ, ಎದಕ್ಕ ಒತ್ತಿಕೊಳ್ಳಲಿ? ಅಲ್ಲಿ ಹೊಲಿಗಿ ಬಿಟ್ರ ಏನೂ ಇಲ್ಲ!"

ರೇಂಜಿನ ಎಲ್ಲ ಲೇನುಗಳಲ್ಲೂ ಗುಂಡು ಹೊಡೆಯುವುದು ನಿಂತಿತು. ಗಿರಿರಾಜ್ ಬಂದೂಕು ಇಳಿಸಿ ಗೋಡೆಯ ಕಡೆ ತಿರುಗಿಕೊಂಡರು. ರೇವಂತನ ಮುಖ ಕೆಂಪಾಗಿ, ಆಮೇಲೆ ಬಿಳಿಚಿತು. "ಸಾರಿ ಮೇಡಂ, ನಂಗೆ..." ಎಂದು ಏನೋ ಶುರು ಮಾಡಿದ. ದಾನಮ್ಮ ಕೇಳಿಸಿಕೊಳ್ಳಲಿಲ್ಲ. ಜಾಕೆಟ್ ಬಿಚ್ಚಿ ಕುರ್ಚಿಯ ಮೇಲೆಸೆದು ಮೆಟ್ಟಿಲಿಳಿದಳು.

ಮನೆಗೆ ಬಂದು ಗಂಡನೆದುರು ಮತ್ತೊಮ್ಮೆ ರೇಗಿದಳು. "ಎಲ್ಲಾರ ಮುಂದ ಒದರಿ ಬಂದೆ. ಇನ್ನ ಅಲ್ಲಿ ಕಾಲಿಡಂಗಿಲ್ಲ."

"ಹೇಳಿದ್ದು ತಪ್ಪೇನಲ್ಲ ಬಿಡು" ಎಂದ ಚನ್ನವೀರೇಶ.

"ನಿಮಗೇನು, ಹೇಳ್ತೀರಿ! ಈಗ ಅಲ್ಲೂ ನನ್ನ ಹಂಗ ನೋಡತಾರ. ಆ ಹುಡುಗ ಇನ್ನ ಮ್ಯಾಲ ಒಂದ ತಪ್ಪೂ ತೋರಿಸಂಗಿಲ್ಲ, ಪಾಪ ಅಂತಾನ."

  ದಾನಮ್ಮ ಎರಡು ವಾರ ರೇಂಜಿಗೆ ಹೋಗಲಿಲ್ಲ. ಬಾಲ್ಕನಿಯಲ್ಲಿ ಚೆಲ್ಲಿದ್ದ ಮರದ ಪುಡಿಯನ್ನು ಒಂದು ದಿನ ಗುಡಿಸಿ ಹಾಕಿದಳು.

ಮೂರನೇ ವಾರ, ಊಟದ ಬಿಡುವಿನಲ್ಲಿ ರೇವಂತನ ಮೆಸೇಜ್ ಬಂತು. ಹೂವಿನ ಚಿತ್ರ, ಧೈರ್ಯದ ಮಾತು ಏನಾದರೂ ಇದ್ದೀತೆಂದು ಮುಖ ಗಂಟಿಕ್ಕಿಕೊಂಡೇ ತೆರೆದಳು. 'ಮೇಡಂ, ಮೂರು ಅಳತೆ ಬೇಕು. ಒಂದು, ಸೊಂಟದ ಮೂಳೆಯಿಂದ ಹೆಗಲಿನವರೆಗೆ. ಎರಡು, ಮೊಣಕೈಯಿಂದ ಮುಷ್ಟಿಯವರೆಗೆ. ಮೂರು, ಸೊಂಟದ ಮೂಳೆಯಿಂದ ನೋವು ಶುರುವಾಗೋ ಜಾಗದವರೆಗೆ. ಟೇಪ್‌ನಲ್ಲಿ ಅಳೀರಿ, ಅಂದಾಜು ಬೇಡ. ಪಕ್ಕೆ ಬಿಟ್ಟು ಬರೀ ಸೊಂಟದ ಮೂಳೆ ಮೇಲೆ ಮೊಣಕೈ ಊರೋಕೆ ಆಗತ್ತಾ ನೋಡಬೇಕು.'

ಮೊದಲು ಅವಳಿಗೆ ಸಿಟ್ಟೇ ಬಂತು. ಟೇಪಿನಲ್ಲಿ ಅಳೀಬೇಕಂತೆ. ಆದರೂ ಸಂಜೆ ಕನ್ನಡಿಯ ಮುಂದೆ ನಿಂತು ಅಳೆದಳು. ಆಸ್ಪತ್ರೆ ಬಿಟ್ಟ ಮೇಲೆ ಅವಳು ಆ ಗೆರೆಯನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಮೂರೂ ಅಳತೆ ಬರೆದು ಕಳಿಸಿದಳು. ಬೇರೆ ಏನೂ ಬರೆಯಲಿಲ್ಲ. ಅವನೂ 'ಓಕೆ, ಶನಿವಾರ ಏಳಕ್ಕೆ' ಎಂದಷ್ಟೇ ಉತ್ತರಿಸಿದ.

ಶನಿವಾರ ಹೋದಾಗ ಗಿರಿರಾಜ್ "ನಮಸ್ಕಾರ" ಎಂದು ಗಂಭೀರವಾಗಿ ತಲೆಬಾಗಿಸಿದರು. ದಾನಮ್ಮನಿಗೆ ಅಲ್ಲಿಂದಲೇ ತಿರುಗಿ ಹೋಗಬೇಕೆನಿಸಿತು. ರೇವಂತ್ ಮಾತ್ರ ನೇರ ಕೆಲಸಕ್ಕಿಳಿದ. ಕ್ಲಬ್ಬಿನ ಹಳೆ ರೈಫಲ್ಲಿನ ಮುಂಭಾಗದಡಿ, ಅಂಗೈ ಹೊರುವ ಜಾಗಕ್ಕೆ, ನಾಲ್ಕು ಬೆರಳು ಎತ್ತರದ ಮರದ ತುಂಡೊಂದನ್ನು ಬಿಗಿದಿದ್ದ.

"ರೈಫಲ್ ಮೇಲೇ ಇರತ್ತೆ, ಕೈ ಕೆಳಗೆ ಬರತ್ತೆ. ಮೊಣಕೈ ಸೊಂಟಕ್ಕೆ ಸಿಗತ್ತೆ. ತೋಳು ಎದೆಗೆ ತಾಗೋ ಹಾಗಿಲ್ಲ, ತಾಗಿದ್ರೆ ಹೇಳಿ. ಜಾಕೆಟ್ ಎಡಗಡೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಸಿದೀನಿ."

ದಾನಮ್ಮ ಬಾತ್‌ರೂಮಿಗೆ ಹೋಗಿ ದಿಂಬನ್ನು ತೆಗೆದು ಬ್ಯಾಗಿಗೆ ಹಾಕಿ ಬಂದಳು. ಜಾಕೆಟ್ ಒಂದು ಕಡೆ ಬೋಳಾಗಿ ಕೂತಿತು. ಯಾರು ನೋಡುತ್ತಿದ್ದಾರೋ ಎಂದು ಅವಳು ತಿರುಗಿ ನೋಡಲಿಲ್ಲ.

ಮೊದಲ ಗುಂಡು ಎಲ್ಲೋ ಹೋಯಿತು. ಎರಡನೆಯದೂ. ಸೊಂಟವನ್ನು ಮುಂದೆ ತಳ್ಳಿ ನಿಲ್ಲುವುದು ಅಭ್ಯಾಸವಿರಲಿಲ್ಲ, ಬೆನ್ನು ಹಿಡಿದುಕೊಂಡಿತು. ಐದನೆಯದರಿಂದ ಮೊಣಕೈ ಮೂಳೆಯ ಮೇಲೆ ನಿಂತಿತು. ಹನ್ನೊಂದನೆಯದೂ ಕರಿಗೆ ಬಿತ್ತು. ಹನ್ನೆರಡು, ಹದಿಮೂರು. ಇಪ್ಪತ್ತು ಆಗುವವರೆಗೂ ಅವಳು ಒಮ್ಮೆಯೂ ಮೇಜು ಬಿಟ್ಟು ಕದಲಲಿಲ್ಲ. ಆಮೇಲೆ ಮತ್ತೆ ಚದುರತೊಡಗಿದವು.

"ಫಾಲೋ ಥ್ರೂ ಇಲ್ಲ ಮೇಡಂ, ಹೊಡೆದ ಮೇಲೂ ಹಾಗೇ ನಿಲ್ಬೇಕು!" ಹಿಂದಿನಿಂದ ರೇವಂತ್ ಬೈದ. "ಹೊಡೆದ ತಕ್ಷಣ ತಲೆ ಎತ್ತಿ ನೋಡ್ತೀರಾ, ಸಣ್ಣ ಮಕ್ಕಳ ಥರ. ಎಷ್ಟು ಸಲ ಹೇಳಬೇಕು?"

"ತಲಿ ಎತ್ತದ ಏನ್ ಮಾಡ್ಲಿ?" ದಾನಮ್ಮ ರೈಫಲ್ ಇಳಿಸಿ ಅವನ ಕಡೆ ತಿರುಗಿದಳು. "ನಿಲ್ಲೂ ರೀತಿ ಬದಲಿಸಿದಿ, ಕೆನ್ನಿ ಪಟ್ಟಿ ಅಲ್ಲೇ ಬಿಟ್ಟಿ. ಗಲ್ಲದ ಎಲುಬಿಗೆ ಒತ್ತತೈತಿ. ಇಲ್ಲಿ, ನೋಡ, ಇಲ್ಲಿ" ಎಂದು ಬೆರಳಿಟ್ಟು ತೋರಿಸಿದಳು.

ರೇವಂತ್ ಹತ್ತಿರ ಬಂದು ಬಗ್ಗಿ ನೋಡಿದ. ಕೆನ್ನೆಯ ಮೇಲೆ ಕೆಂಪು ಬರೆ ಎದ್ದಿತ್ತು.

"ಎಷ್ಟು ಇಳಿಸಲಿ?"

"ಅರ್ಧ ಬೆರಳು. ಜಾಸ್ತಿ ಇಳಿಸಬ್ಯಾಡ, ಆಮೇಲೆ ಕಣ್ಣಿಗೆ ಸಿಗಂಗಿಲ್ಲ."

ಅವನು ಇಳಿಸಿದ. ಅವಳು ಹೆಗಲಿಗೇರಿಸಿ ನೋಡಿ ಅಡ್ಡಡ್ಡ ತಲೆಯಾಡಿಸಿದಳು.

"ಇನ್ನೂ ಒಂದು ನೂಲಿನಷ್ಟು ಇಳಿಸು" ಎಂದಳು.