ಪಂಕ್ತಿಯಲ್ಲಿ ಹಿತೇಶನ ಎಡಗೈ

ಹಿತೇಶನ ಎಡಗೈಗೆ ಸ್ವಂತ ಬುದ್ಧಿ ಎಂಬುದೇ ಇರಲಿಲ್ಲ. ಬಲಗೈ ಪೆನ್ಸಿಲ್ ಹಿಡಿದರೆ ಇದು ಗಾಳಿಯಲ್ಲಿ ಬರೆಯುತ್ತಿತ್ತು. ಬಲಗೈ ಅನ್ನ ಕಲಸಿದರೆ ಇದೂ ಕಲಸುತ್ತಿತ್ತು, ಅನ್ನ ಇಲ್ಲದಿದ್ದರೂ! ಘೋಡಬಂದರ್ ರಸ್ತೆಯ ಡಾಕ್ಟರಮ್ಮ, ಇದು ಹುಡುಗಾಟವಲ್ಲ ಎಂದಿದ್ದರು. ಮೆದುಳಿನ ಅಪ್ಪಣೆಯನ್ನು ಕೈಗೆ ಒಯ್ಯುವ ನರಗಳು ಅಡ್ಡ ದಾಟಿ ಆಚೆ ಬದಿಗೆ ಹೋಗಬೇಕು. ಇವನಲ್ಲಿ ಕೆಲವು ದಾಟಿಲ್ಲ. ಹಾಗಾಗಿ ಒಂದೇ ಅಪ್ಪಣೆ ಎರಡೂ ಕೈಗೆ ತಲುಪುತ್ತದೆ. ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದೂ ಕೇಳಿದ್ದರು.

"ಛೆ ಛೆ, ನಮ್ಮ ಮಾವನ ಶಿಸ್ತು ನೀವು ನೋಡ್ಬೇಕು," ಎಂದಿದ್ದಳು ಅಮ್ಮ ಜಯಲತಾ.

ಆ ಶಿಸ್ತಿನ ಮಾವ, ಡೊಂಬಿವಲಿಯಲ್ಲಿ ಹೋಟೆಲು ನಡೆಸುವ ಧರ್ಮಪಾಲ ಅಜ್ಜ, ನರದ ಕಥೆಯನ್ನು ಒಪ್ಪಲೇ ಇಲ್ಲ. ಊಟಕ್ಕೆ ಎಡಗೈ ತಂದರೆ ಅವರಿಗೆ ಮೈಯೆಲ್ಲ ಉರಿ.

"ನನ್ನ ಹಾಗೆ ತೊಡೆಯಡಿ ಇಟ್ಟು ಕೂತ್ಕೋ. ನಾಳೆ ಸತ್ಯನಾರಾಯಣ ಪೂಜೆ ಊಟದಲ್ಲಿ ಎಡಗೈ ಎಲೆ ಮುಟ್ಟಿತೋ, ಇನ್ನು ಪಂಕ್ತಿಯಲ್ಲಿ ನಿನಗೆ ಜಾಗ ಇಲ್ಲ. ಅಡುಗೆಮನೆಯಲ್ಲಿ ಒಬ್ಬನೇ ಉಣ್ಣು!"

ಎಲ್ಲರ ಜೊತೆ ಕೂತು ಹೋಳಿಗೆ ಹೊಡೆಯುವುದೆಂದರೆ ಹಿತೇಶನಿಗೆ ಪ್ರಾಣ.

ಮರುದಿನ ಅವನ ಎಲೆ ಬಿದ್ದದ್ದು ಅಜ್ಜನ ಬಲಮಗ್ಗುಲಿಗೇ! ಸಾರಿನವರೆಗೆ ಮಾನ ಉಳಿಯಿತು. ಪಾಯಸ ಬರುವಷ್ಟರಲ್ಲಿ ತೊಡೆಯಡಿಯ ಕೈಗೆ ಜೋಮು ಹಿಡಿಯಿತು. ಒಂದೇ ಒಂದು ಕ್ಷಣ ಹೊರಗೆ ತೆಗೆದ, ಪಾಪ. ಬಲಗೈ ತನ್ನ ಹೋಳಿಗೆಯನ್ನು ಕಿವುಚಿತು, ಎಡಗೈ ಅಜ್ಜನದನ್ನು.

"ಅಜ್ಜಾ, ಮೈನೇ ನಹೀ ಕಿಯಾ, ಇಸ್‌ನೇ ಕಿಯಾ!" ಮಾಡಿದ್ದು ತಾನಲ್ಲ, ಇದು ಎಂದು ಹುಡುಗ ತನ್ನ ಕೈಯ ಮೇಲೇ ದೂರು ಹೇಳಿ ಅಳತೊಡಗಿದ.

"ಏಳು ಇಲ್ಲಿಂದ!" ಅಜ್ಜ ಅರ್ಧ ಎದ್ದು ಬಲಗೈಯ ತೋರುಬೆರಳು ಆಡಿಸಿದರು. ಎದ್ದದ್ದೇ ತಪ್ಪಾಯಿತು ನೋಡಿ, ತೊಡೆಯಡಿಯ ಎಡಗೈಗೂ ಬಿಡುಗಡೆ! ಅದೂ ಮೇಲೆದ್ದು ತೋರುಬೆರಳು ಆಡಿಸಿತು, ಅದೇ ತಾಳಕ್ಕೆ, ಅದೇ ಸಿಟ್ಟಿನಲ್ಲಿ.

ಪಂಕ್ತಿಗೆ ಪಂಕ್ತಿಯೇ ಅಜ್ಜನ ಕೈ ನೋಡಿತು. ಬಡಿಸುತ್ತಿದ್ದ ಅಪ್ಪಿ ಅಜ್ಜಿ ಸೌಟು ಹಿಡಿದು ನಿಂತಲ್ಲೇ ಕೂಗಿದರು.

"ಅಯ್ಯೋ ದೇವರೇ! ಧಾರೆಯ ದಿನ ಒಂದು ಕೈ ಹಿಡೀರಿ ಅಂದ್ರೆ ನೀವು ಎರಡೂ ಕೈ ಹಿಡಿದದ್ದು ಇದಕ್ಕಾ? ನಾನು ಇಷ್ಟು ವರ್ಷ ಪ್ರೀತಿ ಅಂತ ತಿಳ್ಕೊಂಡಿದ್ದೆ, ಮಾರಾಯ್ರೆ!"

"ಅದೂ ಇತ್ತು," ಎಂದು ಗೊಣಗಿದ ಅಜ್ಜನ ಮುಖ ಕೆಂಪಾಯಿತು. ಮೆಲ್ಲಗೆ ಕೂತರು. ಕೈಯನ್ನು ಮತ್ತೆ ತೊಡೆಯಡಿ ಇಡಲಿಲ್ಲ. "ಸಣ್ಣವನಿರುವಾಗ ನನ್ನನ್ನೂ ಅಡುಗೆಮನೆಯಲ್ಲೇ ಕೂರಿಸ್ತಿದ್ರು, ಒಬ್ಬನನ್ನೇ," ಎಂದರು. "ಕೂತ್ಕೋ ಮಗಾ."

ಹಿತೇಶ ಎರಡೂ ಕೈಯಿಂದ ಕಣ್ಣೊರೆಸಿಕೊಂಡು ಕೂತ. ಅಜ್ಜಿ ಇಬ್ಬರ ನಡುವೆ ಇನ್ನೊಂದು ಎಲೆ ಹಾಕಿ, ಅವನ ಎಡಗೈಗೆಂದೇ ಒಂದು ಹೋಳಿಗೆ ಬಡಿಸಿದರು.