ಅನುಬಂಧ ಎರಡು

ಮೊಳೆ ಇಷ್ಟು ಉದ್ದ ಯಾಕೆ, ಪುಸ್ತಕ ನೇತುಹಾಕಲಿಕ್ಕೋ ಗೋಡೆ ಒಡೆಯಲಿಕ್ಕೋ, ತಣ್ಣಗಿದೆ, ಬೆವರಿದ ಬೆರಳಲ್ಲಿ ಜಾರುತ್ತದೆ — ಹೆಡ್ವಿಗ್, ನೆಟ್ಟಗೆ ಹಿಡಿ, ಐದು ವರ್ಷ ಪ್ರಬಂಧ ಬರೆದವಳಿಗೆ ಒಂದು ಮೊಳೆ ಹೊಡಿಯೋಕೆ ಬರಲ್ವಾ, ಅಂತ ನನ್ನ ಮಾರ್ಗದರ್ಶಿ ಟೋರ್ಕೆಲ್ ನಗುತ್ತಾನೆ, ಪುಸ್ತಕದ ಮೂಲೆಗೆ ತೂತು ಕೊರೆದು ದಾರ ಪೋಣಿಸಿ ಕೊಟ್ಟವನೂ ಅವನೇ, ಹಲಗೆಯ ತುಂಬ ಹಳೆಯ ತೂತುಗಳು, ಎಷ್ಟು ಜನ ಹೀಗೇ ನಿಂತು ಹೊಡೆದು ಕಾಫಿ ಕುಡಿದು ಹೋಗಿದ್ದಾರೋ, ಇಲ್ಲಿಯ ಪದ್ಧತಿ ಇದು, ಪಿಎಚ್‌ಡಿ ಮೌಖಿಕ ಪರೀಕ್ಷೆಗೆ ಮೂರು ವಾರ ಮೊದಲು ಅಚ್ಚಾದ ಪ್ರಬಂಧವನ್ನು ವಿಶ್ವವಿದ್ಯಾಲಯದ ಈ ಹಲಗೆಗೆ ಮೊಳೆ ಹೊಡೆದು ತೂಗಬೇಕು, ಹೊಡೆದ ಮೇಲೆ ಅದು ಊರಿನ ಸೊತ್ತು, ಒಂದಕ್ಷರ ತಿದ್ದುವಂತಿಲ್ಲ. ಹತ್ತು ನಿಮಿಷದ ಹಿಂದೆ ಇದನ್ನೇ ನೆನೆದು ಎಷ್ಟು ಹಾಯೆನಿಸಿತ್ತು, ಮುಗಿಯಿತಲ್ಲ ಪೀಡೆ ಅಂತ. ಆಗ ಇವರಿಬ್ಬರು ಬಂದಿರಲಿಲ್ಲ. ನಾನು ಅಧ್ಯಯನ ಮಾಡಿದ ಸ್ಟೆನ್‌ಮೋರಾ ಪುರಸಭೆಯ ಸಮಾಜಸೇವಾ ಕಚೇರಿಯ ಮುಖ್ಯಸ್ಥ ಇಂಗೆಮಾರ್, ಹೂಗುಚ್ಛ ಹಿಡಿದು, ಅವನ ಹಿಂದೆ ಬೂದು ಕೋಟಿನ ಮಾಯ್ವೋರ್ — ನಮ್ಮ ಬಗ್ಗೆ ಬರೆದಿರೋದನ್ನ ನಾವೇ ನೋಡದಿದ್ರೆ ಹೇಗೆ, ಇವಳನ್ನೂ ಕಾರಲ್ಲಿ ಕೂರಿಸ್ಕೊಂಡು ಬಂದೆ, ಮೂವತ್ತೊಂದು ವರ್ಷದಿಂದ ಇದಾಳೆ, ಅಷ್ಟು ಹಳಬರು ಬೇರೆ ಯಾರೂ ಇಲ್ಲ, ನಮ್ಮ ಕಚೇರಿ ಬೀರುಗಳೂ ಇವಳಿಗಿಂತ ಚಿಕ್ಕವು, ಅಂದ ಇಂಗೆಮಾರ್. ಎಲ್ಲರೂ ನಕ್ಕರು, ನಾನೂ ನಕ್ಕೆ, ಮೂವತ್ತೊಂದು, ನಗು ಬಾಯಲ್ಲೇ ಒಣಗಿತು, ಇದನ್ನು ನಾನು ಎಲ್ಲೋ ಟೈಪ್ ಮಾಡಿದ್ದೇನೆ.

ಅನುಬಂಧ ಎರಡು, ಹದಿನಾಲ್ಕು ಸಾಲಿನ ಪಟ್ಟಿ, ಸಂದರ್ಶನ ಕೊಟ್ಟವರ ಹೆಸರಿಲ್ಲ, ಬರೀ ಸಂಖ್ಯೆ, ಗಂಡೋ ಹೆಣ್ಣೋ, ಸೇವೆಯ ವರ್ಷ ಎಷ್ಟು — ಯಾರೂ ಕೇಳಿರಲಿಲ್ಲ, ಆಧಾರ ಕಾಣಬೇಕು ಅಂತ ನಾನೇ ಜಂಬದಿಂದ ಹಾಕಿದ್ದು, ಟೋರ್ಕೆಲ್ ಶಹಬ್ಬಾಸ್ ಅಂದಿದ್ದ — ಒಂಬತ್ತು: ಹೆಂಗಸು, ಮೂವತ್ತೊಂದು ವರ್ಷ. ಐದನೆಯ ಅಧ್ಯಾಯ ಪೂರ್ತಿ ಒಂಬತ್ತರದೇ ಮಾತು. ಮಾಯ್ವೋರಳ ಅಡುಗೆಮನೆ, ದಾಲ್ಚಿನ್ನಿ ಬನ್ನು, ಹಿಟ್ಟು ಮೆತ್ತಿದ ಕೈ — ಸ್ವೀಡನ್ನಲ್ಲಿ ಹಸಿದೋರೇ ಇಲ್ಲ ಅಂದ್ಕೊಂಡಿದೀವಿ ಹುಡುಗಿ, ನೆರವು ಕೇಳಿ ಬಂದ ಮೊದಲನೇ ಅರ್ಜಿ ಯಾರದೇ ಇರಲಿ ಇಲ್ಲ ಅನ್ನಿ ಅಂತಾನೆ ಇಂಗೆಮಾರ್, ನಿಜವಾಗ್ಲೂ ಕಷ್ಟ ಇದ್ರೆ ಎರಡನೇ ಸಲ ಬರ್ತಾರಂತೆ, ಬಾಯಲ್ಲಿ ಹೇಳ್ತಾನೆ, ಕಾಗದದಲ್ಲಿ ಮಾತ್ರ ಕೊಡಲ್ಲ, ಯಾರಿಗೂ ಗೊತ್ತಾಗಲ್ಲ ತಾನೆ, ನನ್ನ ನಿವೃತ್ತಿಗೆ ಇನ್ನೆರಡೇ ವರ್ಷ, ಅವನು ಮರೆಯೋ ಮನುಷ್ಯ ಅಲ್ಲ. ದೇವರಿಗೂ ಗೊತ್ತಾಗದ ಹಾಗೆ ಬರೀತೀನಿ ಅಂದಿದ್ದೆ ನಾನು, ಅಂದು ಇನ್ನೊಂದು ಬನ್ನು ತಿಂದಿದ್ದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ಇಲ್ಲಿ ಮಾಡಿದವಳು ನಾನು, ಉಣ್ಣುವವಳು ಅವಳು. ಸುತ್ತಿಗೆ ಕೆಳಗಿಡಬೇಕು, ಒಂದು ತಪ್ಪಿದೆ ಅನ್ನಬೇಕು — ಏನು ತಪ್ಪು, ಎಲ್ಲಿ, ಅಂತ ಟೋರ್ಕೆಲ್ ಎಲ್ಲರೆದುರಿಗೆ ಕೇಳುತ್ತಾನೆ, ಈ ಇಂಗೆಮಾರ್ ಎದುರಿಗೇ ಕೇಳುತ್ತಾನೆ, ಬಾಯಿ ತೆರೆದರೂ ಸಿಕ್ಕಿಬೀಳುವವಳು ಅವಳೇ, ಮುಚ್ಚಿದರೂ ಅವಳೇ, ತಲೆ ಸುತ್ತುತ್ತಿದೆ ಅನ್ನಲೇ, ಸುಮ್ಮನೆ ಬಿದ್ದುಬಿಡಲೇ, ಪರೀಕ್ಷಕಿ ಓಸ್ಲೋದಿಂದ ಟಿಕೆಟ್ ತೆಗೆದಾಗಿದೆ, ಪರೀಕ್ಷೆ ಮುಂದೆ ಹೋದರೆ ಜೂನಿಗೆ ನನ್ನ ನೇಮಕವೂ ಮುಗಿಯುತ್ತದೆ, ನೋಡು, ಈ ಹೊತ್ತಿನಲ್ಲೂ ನನಗೆ ಜೂನಿನ ಚಿಂತೆ, ನಾಚಿಕೆಯಾಗಬೇಕು, ಆಗುತ್ತಿದೆ, ನಾನು ಹೇಡಿ, ಕೈ ಮಾತ್ರ ಸುತ್ತಿಗೆ ಬಿಡುತ್ತಿಲ್ಲ. ಇಂಗೆಮಾರ್ ಕಾಫಿ ಫ್ಲಾಸ್ಕಿನ ಪಕ್ಕದ ರಾಶಿಯಿಂದ ಒಂದು ಪ್ರತಿ ಎತ್ತಿಕೊಂಡ — ಇಂಥ ಪುಸ್ತಕ ನಾನು ಯಾವಾಗ್ಲೂ ಹಿಂದಿನಿಂದ್ಲೇ ಓದೋನು, ಮುಂದೆ ಬರೀ ಪಾಂಡಿತ್ಯ, ಹಿಂದಿನ ಪಟ್ಟಿಗಳಲ್ಲೇ ಇರುತ್ತೆ ವಿಷಯ — ಹಾಳೆ ತಿರುಗುತ್ತಿವೆ, ಗ್ರಂಥಸೂಚಿ ದಾಟಿತು, ಹೊಡಿ ಹುಡುಗಿ, ಕಾಫಿ ಆರ್ತಾ ಇದೆ, ಅಂದವಳು ಮಾಯ್ವೋರ್, ಅವನ ಕಡೆ ನೋಡಿಯೇ ಇಲ್ಲ, ನನ್ನನ್ನೇ ನೋಡುತ್ತಿದ್ದಾಳೆ, ಹೆತ್ತ ಮಗಳಿಗೆ ಬಹುಮಾನ ಬಂದ ಹಾಗೆ ಅವಳ ಮುಖ, ಹೊಡೆದೆ, ಒಂದೇ ಏಟಿಗೆ ಇಳಿಯಿತು, ಚಪ್ಪಾಳೆ, ಅವನೊಬ್ಬ ತಟ್ಟುತ್ತಿಲ್ಲ, ತೋರುಬೆರಳು ಪಟ್ಟಿಯ ಮೇಲಿಂದ ಇಳಿಯುತ್ತಿದೆ, ಐದು, ಆರು, ಬೆರಳು, ಅವಳು ತಟ್ಟುತ್ತಲೇ ಇದ್ದಾಳೆ, ಏಳು, ಎಂಟು, ಬೆರಳು, ನಿಂತಿತು, ಒಂಬತ್ತರ ಮೇಲೆ ಬೆರಳು, ಬೆರಳು