ನಾಲ್ಕಕ್ಕೆ ನಾಲ್ಕು

“ಬಾಯ್ಮುಚ್ಕೊಂಡು ಕೂತ್ಕೊ. ಏನ್ ಕೇಳಿದ್ರೂ ಪಿಳಿಪಿಳಿ ನೋಡು, ಸಾಕು. ಹುಚ್ಚಿ ಥರ ಇರೋದನ್ನೂ ನಿಂಗೆ ಹೇಳ್ಕೊಡ್ಬೇಕಾ, ಮುಂಡೇದೇ?”

ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಗುರುಸಿದ್ದಯ್ಯ ತಂಗಿ ಜಗದಾಂಬಾಳ ಬಾಚಿದ ತಲೆಯನ್ನು ಕೈಯಾರೆ ಕೆದರಿದ. ಪ್ರೀತಿಯ ಅಣ್ಣ. ಹದಿನೇಳು ವರ್ಷದಿಂದ ಸ್ಕಿಜೋಫ್ರೇನಿಯಾ ಇರುವ ತಂಗಿಯ ಮೇಲೆ ಅವನಿಗೆ ಪ್ರೀತಿ ಉಕ್ಕಿದ್ದು ಹೋದ ತಿಂಗಳು, ರಾಯಚೂರಿಗೆ ವರ್ಗವಾದ ಆದೇಶ ಕೈಸೇರಿದ ದಿನ. ಮನೆಯಲ್ಲಿ ಕೈಲಾಗದ ಮನೋರೋಗಿಯನ್ನು ನೋಡಿಕೊಳ್ಳುವ ನೌಕರನನ್ನು ದೂರ ಎತ್ತಿಹಾಕುವುದಿಲ್ಲವೆಂದು ಆಫೀಸಿನಲ್ಲಿ ಯಾರೋ ಪುಣ್ಯಾತ್ಮರು ಹೇಳಿದ್ದರು. ಬೇಕಾದದ್ದು ಒಂದು ಸರ್ಟಿಫಿಕೇಟು.

ಡಾಕ್ಟರಮ್ಮ ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ. ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಎಷ್ಟು ಕೈಲಾಗದೋ ಅಷ್ಟು ಹೆಚ್ಚು.

“ಸ್ನಾನ, ಬಟ್ಟೆ?”

“ನಾವೇ ಮಾಡಿಸ್ಬೇಕು ಮೇಡಂ.”

“ಜನರ ಜೊತೆ ಬೆರೀತಾರಾ?”

“ಕಚ್ಚಕ್ ಬರ್ತಾಳೆ.”

“ಮನೆ ಕೆಲಸ?”

“ಒಂದು ಲೋಟ ಎತ್ತಿಡಲ್ಲ.”

ಮೂಡಲಪಾಳ್ಯದ ಮನೆಯಲ್ಲಿ ಐದಕ್ಕೇ ಎದ್ದು ಕಸ, ಮುಸುರೆ, ತಿಂಡಿ ಮುಗಿಸಿ, ತನ್ನ ಮಾತ್ರೆ ತಾನೇ ನುಂಗಿ ಬಂದಿದ್ದ ಜಗದಾಂಬಾ ಅಣ್ಣನನ್ನೇ ನೋಡಿದಳು. ಅವಳ ಕಿವಿಯೊಳಗೆ ಕೂತು ಸದಾ ಬೈಯುವ ಆ ಗಂಡು ದನಿ ಕೂಡ ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದಿಲ್ಲ.

“ಅಲ್ಲ ಮೇಡಂ, ನಾನು...”

“ನೋಡಿದ್ರಾ, ಶುರುವಾಯ್ತು,” ಎಂದ ಗುರುಸಿದ್ದಯ್ಯ.

ಡಾಕ್ಟರಮ್ಮ ತಲೆಯಾಡಿಸಿ ನಾಲ್ಕು ಒತ್ತಿದರು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಡುಮ್ಕಿ ಹೊಡೆದಿದ್ದವಳು ಜೀವನದಲ್ಲಿ ಮೊದಲ ಸಲ ಎಲ್ಲದರಲ್ಲೂ ಪೂರ್ತಿ ಅಂಕ ತೆಗೆದಳು.

ಸರ್ಟಿಫಿಕೇಟು ಬಂದು ಆಫೀಸು ಸೇರಿದ ವಾರದ ಭಾನುವಾರವೇ, ವರ್ಗಾವಣೆ ತಡೆಯಬೇಕಾದ ಸಾಹೇಬರು ಶಿವಬಸಪ್ಪನವರು ಊಟಕ್ಕೆ ಬಂದರು. ಬೆಳಗಿನಿಂದ ಒಲೆಯ ಮುಂದೆ ನಿಂತು ಮೂವತ್ತು ಹೋಳಿಗೆ ಬೇಯಿಸಿದ ಜಗದಾಂಬಾಳನ್ನು ಅತ್ತಿಗೆ ಬಸವರಾಜೇಶ್ವರಿ ಹಿಂದಿನ ರೂಮಿಗೆ ತಳ್ಳಿದಳು.

“ಹೊರಗೆ ತಲೆ ಹಾಕಿದ್ರೆ ಬರೆ ಎಳೀತೀನಿ, ದರಿದ್ರದ್ದೇ.”

ಸಾಹೇಬರು ಮೂರನೇ ಹೋಳಿಗೆಗೆ ಕೈ ಹಾಕಿದರು. “ಇಷ್ಟು ತೆಳ್ಳಗೆ ಈಗ ಯಾರಮ್ಮ ಮಾಡ್ತಾರೆ?”

“ಅಯ್ಯೋ, ನಾನೇ ಸಾರ್,” ಎಂದು ಅತ್ತಿಗೆ ನಾಚಿಕೊಂಡಳು.

ರೂಮಿನ ಬಾಗಿಲು ತೆರೆಯಿತು. ಜಗದಾಂಬಾ ನೇರ ಅಡುಗೆಮನೆಗೆ ಹೋಗಿ, ತುಪ್ಪದ ಗಿಂಡಿ ಹಿಡಿದು ಬಂದು ಸಾಹೇಬರ ಎಲೆಯ ಮುಂದೆ ಬಗ್ಗಿದಳು.

“ಮಾಡಿದ್ದು ನಾನು ಸಾರ್. ಹೂರಣ ರುಬ್ಬಿದ್ದೂ ನಾನೇ. ಇವ್ರ ಚಡ್ಡಿ ಒಗಿಯೋದೂ ನಾನೇ. ಏನೂ ಕೈಲಾಗಲ್ಲ ಅಂತ ನಿಮಗೆ ಕಾಗದ ಕೊಟ್ಟಿದಾರಲ್ಲ, ಆ ಜಗದಾಂಬಾನೂ ನಾನೇ.”

“ಲೇ ಬೇವರ್ಸಿ, ಒಳಗ್ ನಡಿಯೇ! ಹುಚ್ಚು ಕೆರಳಿದೆ ಸಾರ್, ಇದಕ್ಕೆ...” ಗುರುಸಿದ್ದಯ್ಯ ಕೈ ಎತ್ತಿದ. ಸಾಹೇಬರು ಅಗಿಯುವುದನ್ನು ನಿಲ್ಲಿಸಿ ಅವನ ಕೈಯನ್ನೇ ನೋಡಿದರು. ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು.

ಜಗದಾಂಬಾ ತುಪ್ಪ ಬಡಿಸಿದಳು. ಮಾತ್ರೆಗಳಿಂದ ನಡುಗುವ ಕೈ. ಒಂದಿಷ್ಟು ಸಾಹೇಬರ ಪ್ಯಾಂಟಿನ ಮೇಲೂ ಬಿತ್ತು.

“ನೀನು ರಾಯಚೂರಿಗೆ ಹೋಗಿ ಬಾ ಅಣ್ಣ,” ಎಂದಳು. “ಮನೆ ನಾನು ನೋಡ್ಕೋತೀನಿ.”